ಹುಳದ ಅಣಬೆಯ ಕಷಾಯ

ನಾನು ನನ್ನ ಅಪ್ಪನಿಗೆ ಹೊಡೆದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕೊನೆಗೆ ಹೇಳಿದರೆ ಅಷ್ಟು ಹೊತ್ತಿಗೆ ಓದುವವರು ನನ್ನ ಮೇಲೆ ಮರುಕ ಪಟ್ಟಿರುತ್ತಾರೆ, ಆ ಮರುಕ ನನಗೆ ಬೇಡ. ಎಪ್ಪತ್ತಾರು ವರ್ಷದ, ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಮುದುಕನ ಕೆನ್ನೆಗೆ, ಸೆಂಬವಾಂಗ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಜೋಳದ ಹಿಟ್ಟು ಮೆತ್ತಿದ ಕೈಯಿಂದ ಹೊಡೆದೆ. ಅದಕ್ಕೆ ಕಾರಣ ಒಂದು ಅಣಬೆ. ಹಿಮಾಲಯದ ನೆತ್ತಿಯಲ್ಲಿ ಹುಟ್ಟುವ ಅಣಬೆಯೊಂದು ಈ ಸೆಕೆಯ ದ್ವೀಪಕ್ಕೆ ಬಂದು ಅಪ್ಪ ಮಗಳನ್ನು ಕೈಕೈ ಮಿಲಾಯಿಸುವಂತೆ ಮಾಡಿತು ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ.

ಅಪ್ಪ ಹೊಡೆಯುವ ಮನುಷ್ಯ. ಗದಗಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದ. ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ. ಶಾಲೆಯಲ್ಲಿ ತೀರದೆ ಉಳಿದ ಸಿಟ್ಟನ್ನು ಮನೆಗೆ ತರುತ್ತಿದ್ದ. ಲೆಕ್ಕ ತಪ್ಪಿದರೆ ಹೊಡೆತ, ಎದುರು ಮಾತಾಡಿದರೆ ಹೊಡೆತ, ಅತ್ತರೆ ಅತ್ತದ್ದಕ್ಕೆ ಇನ್ನೊಂದು. ಒಂದು ಸಲ ಬೆಲ್ಟಿನ ಬಕಲ್ ಬಿದ್ದು ನನ್ನ ಮೊಣಕೈ ಮೂಳೆ ಬಿರುಕು ಬಿಟ್ಟಿತು. ಆ ಕೈಯನ್ನು ಇವತ್ತಿಗೂ ಪೂರ್ತಿ ಚಾಚಲು ಆಗುವುದಿಲ್ಲ. ಅವ್ವ ಅಡ್ಡ ಬಂದರೆ ಅವಳಿಗೂ ಬೀಳುತ್ತಿತ್ತು. ಇಷ್ಟೆಲ್ಲ ಇದ್ದೂ ಊರಿನಲ್ಲಿ ಅವನಿಗೆ ದೊಡ್ಡ ಶಿವಭಕ್ತನೆಂದು ಹೆಸರು. ಅದೂ ಸುಳ್ಳಲ್ಲ.

ನಾವು ಲಿಂಗಾಯತರು. ಅಪ್ಪನ ಕೊರಳಿನ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಮಣೆಯ ಮೇಲೆ ಕೂತು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡದ ಹೊರತು ಅವನ ಬಾಯಿಗೆ ಚಹಾ ಕೂಡ ಹೋಗುತ್ತಿರಲಿಲ್ಲ. ಉಣ್ಣುವುದೇನೇ ಇರಲಿ, ಮೊದಲು ಲಿಂಗಕ್ಕೆ ಹಿಡಿದು ತೋರಿಸಬೇಕು. ಲಿಂಗ ಉಂಡ ಮೇಲೆ ಉಳಿದದ್ದು ಅವನ ಪಾಲಿನ ಪ್ರಸಾದ. ಬೆತ್ತ ಹಿಡಿಯುವ ಆ ಕೈ ಪೂಜೆಯ ಹೊತ್ತಿನಲ್ಲಿ ಮಾತ್ರ ಮೆತ್ತಗಾಗುತ್ತಿತ್ತು. ಚಿಕ್ಕವಳಿದ್ದಾಗ ಬಾಗಿಲ ಸಂದಿಯಿಂದ ಅದನ್ನು ನೋಡಿ ಆ ಲಿಂಗದ ಮೇಲೆ ನಾನು ಹೊಟ್ಟೆಕಿಚ್ಚು ಪಟ್ಟದ್ದಿದೆ.

ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಇಲ್ಲಿಗೆ ಕರೆತಂದೆ. ಒಬ್ಬಳೇ ಮಗಳು, ಬೇರೆ ದಾರಿ ಇರಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಈ ಸಲ ಮನೆ ನನ್ನದು, ನಾನು ಹಾಕಿದ್ದನ್ನು ಅವನು ಉಣ್ಣಬೇಕು, ನಾನು ಹೇಳಿದಂತೆ ಕೇಳಬೇಕು ಎಂಬ ಆಸೆಯೂ ಒಳಗೆ ಇತ್ತು. ನನ್ನ ಗಂಡ ಹಡಗು ರಿಪೇರಿಯ ಎಂಜಿನಿಯರ್. ಆ ವರ್ಷ ಬಹುಪಾಲು ಬತಾಮ್ ದ್ವೀಪದ ಯಾರ್ಡ್‌ನಲ್ಲೇ ಇದ್ದ. ಮನೆಯಲ್ಲಿ ನಾನು, ಹದಿನಾಲ್ಕು ವರ್ಷದ ಮಗಳು, ಅಪ್ಪ. ಬಂದ ಆರು ತಿಂಗಳಿಗೆ ಅಪ್ಪನಿಗೆ ಒಣ ಕೆಮ್ಮು ಹಿಡಿಯಿತು. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು ಎಂದರು ಡಾಕ್ಟರು. ಮೈದಾನದ ಆ ತುದಿಯಿಂದ ಕೂಗಿದರೆ ಈ ತುದಿಯ ಹುಡುಗರು ನಡುಗುತ್ತಿದ್ದ ದನಿ ಅದು. ಈಗ ಒಂದು ವಾಕ್ಯಕ್ಕೆ ಎರಡು ಸಲ ನಿಲ್ಲುತ್ತಿತ್ತು.

ಪಕ್ಕದ ಮನೆಯಲ್ಲಿ ಒಬ್ಬ ಚೀನೀ ಆಂಟಿ ಇದ್ದಾಳೆ. ಎಪ್ಪತ್ತು ದಾಟಿದ ವಿಧವೆ. ಬೆಳಿಗ್ಗೆ ಒಂಬತ್ತಕ್ಕೆ ಅವಳೂ ಅಪ್ಪನೂ ಕೆಳಗಿನ ವಾಯ್ಡ್ ಡೆಕ್‌ಗೆ, ಅಂದರೆ ಕಟ್ಟಡದ ಬುಡದ ತೆರೆದ ಪಡಸಾಲೆಗೆ, ಹೋಗಿ ಕಲ್ಲು ಮೇಜಿನ ಹತ್ತಿರ ಕೂರುತ್ತಿದ್ದರು. ಅಪ್ಪನದು ಡ್ರಿಲ್ ಮಾಸ್ತರ ಇಂಗ್ಲಿಷು, ಅವಳದು ಮಾರ್ಕೆಟ್ ಇಂಗ್ಲಿಷು. ಮಾತು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು, ಆಮೇಲೆ ಸುಮ್ಮನೆ ಬೆಕ್ಕುಗಳನ್ನು ನೋಡಿಕೊಂಡು ಕೂರುವುದು. ಅಪ್ಪ ಯಾರ ಜೊತೆಗಾದರೂ ಜಗಳವಿಲ್ಲದೆ ಒಂದು ತಾಸು ಕೂತದ್ದನ್ನು ನಾನು ನೋಡಿದ್ದು ಅಲ್ಲೇ ಮೊದಲು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು.

ಕೆಮ್ಮು ಜೋರಾದಾಗ ಆ ಆಂಟಿ ಒಂದು ಪಿಂಗಾಣಿ ಬಟ್ಟಲಿನಲ್ಲಿ ಕಷಾಯ ತಂದಳು. ನೀರಿನ ಪಾತ್ರೆಯೊಳಗೆ ಮುಚ್ಚಿದ ಬಟ್ಟಲಿಟ್ಟು ಮೂರು ನಾಲ್ಕು ತಾಸು ಸಣ್ಣ ಉರಿಯಲ್ಲಿ ಬೇಯಿಸಿದ್ದು, ಸೋಸಿದ್ದು. ಜೇನಿನ ಬಣ್ಣ.

"ನೋ ಚಿಕನ್, ನೋ ಪೋರ್ಕ್, ನೋ ಗಾರ್ಲಿಕ್. ಅಂಕಲ್ ವೆಜಿಟೇರಿಯನ್, ಐ ನೋ ಲಾ. ಓನ್ಲಿ ರೆಡ್ ಡೇಟ್ಸ್ ಅಂಡ್ ಮೌಂಟನ್ ಮೆಡಿಸಿನ್. ಗುಡ್ ಫಾರ್ ಬ್ರೀದಿಂಗ್."

ಯಾವ ಮೆಡಿಸಿನ್ ಎಂದು ಕೇಳಿದ್ದಕ್ಕೆ ಕೈಯನ್ನು ತಲೆಯ ಮೇಲೆತ್ತಿ ಬೆಟ್ಟದ ಎತ್ತರ ತೋರಿಸಿದಳು. ಯಾವುದೋ ಬೇರು ಎಂದುಕೊಂಡೆ. ಅಪ್ಪನಿಗೂ ಹಾಗೆಯೇ ಹೇಳಿದೆ. ಅವನು ಬಟ್ಟಲನ್ನು ಲಿಂಗಕ್ಕೆ ಹಿಡಿದು ಕುಡಿದ. ದಿನಾ ಬಂತು, ದಿನಾ ಕುಡಿದ. ಮೂರು ವಾರದಲ್ಲಿ ಒಂದು ಮಹಡಿ ನಿಲ್ಲದೆ ಹತ್ತಿದ. ಡಾಕ್ಟರು ಅದೇ ತಿಂಗಳು ಮಾತ್ರೆಯನ್ನೂ ಬದಲಾಯಿಸಿದ್ದರು, ಅದರಿಂದಲೂ ಇರಬಹುದು. ಆದರೆ ಮುಳುಗುವವಳು ಯಾವ ಹುಲ್ಲುಕಡ್ಡಿ ಎಂದು ನೋಡುತ್ತಾಳೆಯೇ? ನಾನು ಬಟ್ಟಲನ್ನೇ ನಂಬಿದೆ.

ಆಮೇಲೆ ಆಂಟಿಯ ಮಗಳಿಗೆ ಗಡಿಯಾಚೆಯ ಜೊಹೊರ್‌ನಲ್ಲಿ ಹೆರಿಗೆಯಾಯಿತು. ಒಂದು ತಿಂಗಳು ಬಾಣಂತನಕ್ಕೆ ಹೊರಟಳು. ವುಡ್‌ಲ್ಯಾಂಡ್ಸ್‌ಗೆ ಹೋಗಿ ಗಡಿ ದಾಟುವ ಬಸ್ಸು ಹಿಡಿಯುವ ಅವಸರದಲ್ಲಿ ನಮ್ಮ ಬಾಗಿಲು ಬಡಿದು, ಒಂದು ಕೆಂಪು ರಟ್ಟಿನ ಡಬ್ಬಿ ನನ್ನ ಕೈಗಿಟ್ಟಳು. ದಿನಕ್ಕೆ ಐದು, ನೆನೆಹಾಕು, ಬೇಯಿಸು, ನಿಲ್ಲಿಸಬೇಡ ಎಂದಳು. ನಾನು ಅಡುಗೆಮನೆಗೆ ಹೋಗಿ ಡಬ್ಬಿ ತೆರೆದೆ.

ಹುಳಗಳು. ಕೆಂಪು ದಾರದಲ್ಲಿ ಕಟ್ಟಿದ್ದ ಸಣ್ಣ ಸಣ್ಣ ಕಟ್ಟು, ಒಂದೊಂದು ಕಟ್ಟಿನಲ್ಲೂ ಸಾಲಾಗಿ ಮಲಗಿಸಿದ ಒಣ ಕಂಬಳಿಹುಳಗಳು. ಅರಿಸಿನ ಬಣ್ಣದ ಮೈ, ಮೈಮೇಲೆ ಬಳೆ ಬಳೆಯಾಗಿ ಸುಕ್ಕು, ಹೊಟ್ಟೆಯ ಕೆಳಗೆ ಮೊಂಡು ಕಾಲುಗಳು, ಕೆಂಪಗಿನ ಪುಟ್ಟ ತಲೆ. ಆ ತಲೆಯನ್ನು ಒಡೆದುಕೊಂಡು ಕಪ್ಪು ಕಂದು ಬಣ್ಣದ ಒಂದು ಕಡ್ಡಿ ಹೊರಬಂದಿತ್ತು. ಫೋನಿನಲ್ಲಿ ಒಂದು ಫೋಟೋ ತೆಗೆದು ಮುಚ್ಚಳ ಹಾಕಿದೆ. ಒಂದು ತಿಂಗಳಿಂದ ಅಪ್ಪ ಕುಡಿಯುತ್ತಿದ್ದದ್ದು ಇದರ ರಸ.

ಮರುದಿನ ಚಾಂಗಿ ಬಿಸಿನೆಸ್ ಪಾರ್ಕ್‌ನ ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಅವಳು ಪಶ್ಚಿಮ ನೇಪಾಳದ ಬೆಟ್ಟದ ಊರಿನವಳು. ನೋಡಿದ ಕೂಡಲೇ ಅವಳ ಮುಖ ಬಿಗಿಯಿತು. ನಿನಗೆ ಇದು ಎಲ್ಲಿ ಸಿಕ್ಕಿತು ಎಂದಳು. ಅದನ್ನು ಅವರ ಕಡೆ ಯಾರ್ಸಾಗುಂಬಾ ಎನ್ನುತ್ತಾರೆ. ಅವಳು ಆರನೇ ವಯಸ್ಸಿನಿಂದ ಅದನ್ನು ಕಿತ್ತವಳು.

ಮರಗಳು ಇನ್ನು ಬೆಳೆಯಲಾರೆವು ಎಂದು ನಿಂತುಬಿಡುವ ಎತ್ತರದಿಂದ ಮೇಲೆ ಬರೀ ಹುಲ್ಲಿನ ಇಳಿಜಾರು ಇರುತ್ತದಂತೆ. ಅಲ್ಲಿ ಒಂದು ಜಾತಿಯ ಪತಂಗದ ಮರಿಹುಳ ನೆಲದೊಳಗೆ ಬೇರು ತಿಂದುಕೊಂಡು ವರ್ಷಗಟ್ಟಲೆ ಬದುಕುತ್ತದೆ. ಮಣ್ಣಿನಲ್ಲಿರುವ ಅಣಬೆಯ ಕಣ ಅದರ ಮೈಗೆ ಅಂಟಿ, ಚರ್ಮ ಕೊರೆದು ಒಳಗೆ ಹೋಗುತ್ತದೆ. ಒಳಗಿದ್ದುಕೊಂಡೇ ಹುಳವನ್ನು ತಿನ್ನುತ್ತದೆ. ಹುಳ ಜೀವಂತ ಇರುವಾಗಲೇ. ಮೈ ಎಲ್ಲ ತುಂಬಿಕೊಂಡ ಮೇಲೆ, ಸಾಯುವ ಮುಂಚೆ ಹುಳ ನೆಲದ ಮೇಲ್ಪದರದ ಹತ್ತಿರ ಬಂದು ತಲೆ ಮೇಲೆ ಮಾಡಿ ನಿಲ್ಲುತ್ತದೆ. ಹಾಗೆ ನಿಂತೇ ಸಾಯುತ್ತದೆ. ಚಳಿಗಾಲವೆಲ್ಲ ಹಿಮದ ಅಡಿ ಆ ಹೆಣ ಗಟ್ಟಿಯಾಗಿ ಕೂತಿರುತ್ತದೆ. ಹಿಮ ಕರಗುವಾಗ ಅಣಬೆ ಅದರ ತಲೆ ಸೀಳಿಕೊಂಡು ಬೆರಳುದ್ದ ಹೊರಗೆ ಬರುತ್ತದೆ. ಇದನ್ನೆಲ್ಲ ಅವಳು ಚಹಾದ ಕಪ್ಪು ಹಿಡಿದು ಬಹಳ ಸಾಮಾನ್ಯ ಸಂಗತಿಯೆಂಬಂತೆ ಹೇಳಿದಳು.

ಆ ದಿನಗಳಲ್ಲಿ ಶಾಲೆ ಮುಚ್ಚುತ್ತಾರೆ. ಊರಿಗೆ ಊರೇ ಡೇರೆ ಹೊತ್ತು ಮೇಲೆ ಹತ್ತುತ್ತದೆ. ಹುಲ್ಲೂ ಕಂದು, ಅಣಬೆಯೂ ಕಂದು. ನಿಂತು ನೋಡಿದರೆ ಕಾಣುವುದಿಲ್ಲ, ಹೊಟ್ಟೆಯ ಮೇಲೆ ತೆವಳಬೇಕು. ಮಕ್ಕಳ ಕಣ್ಣು ಚುರುಕು, ಆದ್ದರಿಂದ ಮಕ್ಕಳೇ ಮುಂದೆ. ಒಂದು ವರ್ಷ ಆಚೆಯ ಕಣಿವೆಯವರು ಗೆರೆ ದಾಟಿ ಬಂದು ಕಿತ್ತರೆಂದು ಕಲ್ಲು ತೂರಾಟವಾಯಿತು. ಕಲ್ಲು ಮುಗಿದ ಮೇಲೆ ಕುಕ್ರಿ ಹೊರಬಂದವು. ಅವಳು ಡೇರೆಯೊಳಗೆ ಕಂಬಳಿ ಕಚ್ಚಿಕೊಂಡು ಮಲಗಿದ್ದಳು. ಹೊರಗೆ ಬಂದಾಗ ಅವಳ ಮಾವ ತನ್ನ ಎಡಗೈಯ ಎರಡು ಬೆರಳನ್ನು ಬಲಗೈಯಲ್ಲಿ ಹಿಡಿದು ಕೂತಿದ್ದ. ಇನ್ನೊಬ್ಬನನ್ನು ಹಗ್ಗದ ಮಂಚದ ಮೇಲೆ ಕೆಳಗಿಳಿಸಿದರು, ಅವನು ದಾರಿಯಲ್ಲೇ ಹೋದ. ಮರುದಿನ ಬೆಳಿಗ್ಗೆ ಉಳಿದವರೆಲ್ಲ ಅದೇ ಹುಲ್ಲಿನ ಮೇಲೆ ಮತ್ತೆ ತೆವಳಿದರು.

"ಅದನ್ನು ತಿಂದು ಬದುಕಿದವರನ್ನು ನಾನು ಕಂಡಿಲ್ಲ," ಎಂದಳು. "ಕೀಳಲು ಹೋಗಿ ಸತ್ತವರನ್ನು ಕಂಡಿದ್ದೇನೆ."

ನಾನು ಅವಳ ಮಾತಿನಲ್ಲಿ ನನಗೆ ಬೇಕಾದದ್ದನ್ನಷ್ಟೇ ಆರಿಸಿಕೊಂಡೆ. ಅಣಬೆ ಹುಳವನ್ನು ಪೂರ್ತಿ ತಿಂದಿರುತ್ತದೆ, ಉಳಿಯುವುದು ಹೊರಗಿನ ಸಿಪ್ಪೆ ಮಾತ್ರ. ಅಂದಮೇಲೆ ಅಪ್ಪ ಕುಡಿಯುವುದು ಅಣಬೆ, ಹುಳವಲ್ಲ. ನಮ್ಮ ಮನೆಯಲ್ಲಿ ಅಣಬೆಯನ್ನೂ ನಾಯಿಕೊಡೆಯೆಂದು ಒಳಗೆ ಬಿಡುತ್ತಿರಲಿಲ್ಲ, ಆದರೆ ಅಣಬೆ ಮಾಂಸವಲ್ಲವಲ್ಲ. ರೈಲಿನಲ್ಲಿ ನಿಂತು ಮನೆ ಮುಟ್ಟುವವರೆಗೆ ಹೀಗೆ ವಾದ ಮಾಡಿಕೊಂಡೆ. ವಾದಕ್ಕೆ ಎದುರಾಳಿ ಇಲ್ಲದಿದ್ದರೆ ಗೆಲ್ಲುವುದು ಸುಲಭ.

ಆ ಸಂಜೆ ಡಬ್ಬಿಯನ್ನೆಲ್ಲ ಮಿಕ್ಸರ್‌ಗೆ ಸುರಿದು ತಿರುಗಿಸಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೊದಲು ಕಟಕಟ ಸದ್ದು, ಆಮೇಲೆ ಮೆತ್ತಗೆ. ತಲೆ, ಕಾಲು, ಕಡ್ಡಿ ಎಲ್ಲ ಸೇರಿ ಹಳದಿ ಪುಡಿಯಾಯಿತು. ಹಾರ್ಲಿಕ್ಸಿನ ಖಾಲಿ ಬಾಟಲಿಗೆ ತುಂಬಿ ಮೇಲಿನ ಶೆಲ್ಫಿನಲ್ಲಿಟ್ಟೆ. ಪ್ರತಿ ಬೆಳಿಗ್ಗೆ ಕುದಿಸಿ, ಸೋಸಿ, ಅಪ್ಪನ ಮಣೆಯ ಪಕ್ಕ ಇಟ್ಟು ಆಫೀಸಿಗೆ ಹೊರಡುತ್ತಿದ್ದೆ. ಅವನು ಅದನ್ನು ಲಿಂಗಕ್ಕೆ ಹಿಡಿಯುವುದು ನನಗೆ ಕಾಣುತ್ತಿತ್ತು. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ. ಅಥವಾ ಹೋಗಗೊಡಲಿಲ್ಲ. ನನ್ನ ಚಿಂತೆಯೆಲ್ಲ ಅಪ್ಪನ ಬಾಯಿ, ಗಂಟಲು, ಉಸಿರು, ಅಷ್ಟೇ. ಅವನು ಸಾಯಬಾರದಿತ್ತು. ಯಾಕೆ ಸಾಯಬಾರದು ಎಂದು ಕೇಳಿದ್ದರೆ ಪ್ರೀತಿ ಎಂದು ಹೇಳಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ನನಗೆ ಅವನ ಮೇಲೆ ಇನ್ನೂ ಬಹಳ ಸಿಟ್ಟು ಉಳಿದಿತ್ತು, ಅದು ಮುಗಿಯುವ ಮೊದಲು ಅವನು ಹೋಗಿಬಿಡುವುದು ನನಗೆ ಬೇಕಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಆಂಟಿ ಜೊಹೊರ್‌ನಿಂದ ಮರಳಿದಳು. ಮೇಲೆ ಬರುವ ಮೊದಲು ವಾಯ್ಡ್ ಡೆಕ್‌ನಲ್ಲಿ ಅಪ್ಪ ಕಂಡ. ಖುಷಿಯಲ್ಲಿ ಚೀಲದಿಂದ ಹೊಸ ಡಬ್ಬಿ ತೆಗೆದು ಕಲ್ಲು ಮೇಜಿನ ಮೇಲೆ ತೆರೆದು ತೋರಿಸಿದಳು. ಒಳ್ಳೆಯ ಮಾಲು ಎಂದು ತೋರಿಸುವಾಗ ಅವರ ಕಡೆಯವರು ಹುಳದ ಕಣ್ಣು, ಕಾಲುಗಳನ್ನು ಎಣಿಸಿ ತೋರಿಸುತ್ತಾರಂತೆ. ಕಾಲು ಸ್ಪಷ್ಟವಾಗಿದ್ದಷ್ಟೂ ಅಸಲಿ. ಅಪ್ಪ ಬಹಳ ಹೊತ್ತು ನೋಡಿ, ನನ್ನ ಮಗಳಿಗೆ ಇದು ಗೊತ್ತೇ ಎಂದು ಕೇಳಿದ. ಅವಳು ನನ್ನನ್ನು ಬಾಯಿ ತುಂಬ ಹೊಗಳಿದಳು. ಇದೇ ಡಬ್ಬಿ ಕೊಟ್ಟು ಹೋಗಿದ್ದೆ, ದಿನಾ ತಪ್ಪದೆ ಮಾಡಿಕೊಟ್ಟಳಲ್ಲ, ನಿನ್ನ ಮಗಳು ಬಂಗಾರ ಎಂದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಅವಳಿಂದಲೇ.

ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಮೇಲೆ ಹಂಚು ಕಾದಿತ್ತು. ಅಪ್ಪ ಚಪ್ಪಲಿ ಕೂಡ ಬಿಡದೆ ಒಳಗೆ ಬಂದ.

"ಏನ ಕುಡಿಸಿದಿ ನನಗ?"

"ಬೇರಿನ ಕಷಾಯ, ಅಪ್ಪಾ."

ಹೊಡೆತ ಬಿತ್ತು. ಇಪ್ಪತ್ತೈದು ವರ್ಷಗಳ ಮೇಲೆ, ಅದೇ ಜಾಗಕ್ಕೆ, ಕಿವಿ ಮತ್ತು ದವಡೆ ಸೇರುವಲ್ಲಿ. ಕಾಯಿಲೆ ಬಿದ್ದ ಕೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ.

"ಇನ್ನೊಮ್ಮೆ ಹೇಳು. ಏನ ಕುಡಿಸಿದಿ?"

"ಬೇರು."

ಎರಡನೆಯದಕ್ಕೆ ನನ್ನ ತಲೆ ಫ್ರಿಜ್ಜಿಗೆ ಬಡಿಯಿತು. ಬಾಯಲ್ಲಿ ರಕ್ತದ ರುಚಿ. ಆಗ ನಾನೂ ಕೂಗಿದೆ.

"ಹುಳಾ! ಹುಳಾ ಕುಡಿಸೇನಿ. ಗೊತ್ತಿದ್ದ ಕುಡಿಸೇನಿ. ನೀ ಸಾಯಬಾರದಂತ ಕುಡಿಸೇನಿ. ಏನೀಗ?"

ಅಪ್ಪ ಕಷಾಯದ ಬಟ್ಟಲನ್ನು ಗೋಡೆಗೆ ಎಸೆದ. ಶೆಲ್ಫಿನ ಡಬ್ಬಿಗಳನ್ನು ಮೊಣಕೈಯಿಂದ ಗುಡಿಸಿದ. ಬೇಳೆ, ಸಾಸಿವೆ, ಆ ಹಳದಿ ಪುಡಿಯ ಬಾಟಲಿ, ಎಲ್ಲ ನೆಲಕ್ಕೆ. ಸದ್ದಿಗೆ ಮಗಳು ಓಡಿ ಬಂದಳು. "ಅಜ್ಜಾ, ಸ್ಟಾಪ್ ಲಾ! ಅಮ್ಮಾ!" ಎನ್ನುವಷ್ಟರಲ್ಲಿ ಅವನ ಕೈ ಒಲೆಗೆ ತಾಗಿ ಕಾದ ಹಂಚು ಹಾರಿ ಅವಳ ಪಾದದಿಂದ ಗೇಣು ದೂರದಲ್ಲಿ ಬಿತ್ತು.

ನಾನು ಅಪ್ಪನಿಗೆ ಹೊಡೆದೆ. ಮಗಳನ್ನು ಕಾಪಾಡಲು ಹೊಡೆದೆ ಎಂದು ಹೇಳಿಕೊಳ್ಳಬಹುದು, ನನ್ನ ಗಂಡ ಇವತ್ತಿಗೂ ಹಾಗೆಯೇ ಹೇಳುತ್ತಾನೆ. ಆದರೆ ನಾನು ಹೊಡೆದದ್ದು ಒಂದಲ್ಲ, ಎರಡು. ಮೊದಲನೆಯದಕ್ಕೇ ಅವನು ಗೋಡೆ ಹಿಡಿದು ನಿಂತಿದ್ದ, ಕೈ ಕೆಳಗಿಳಿದಿತ್ತು. ಎರಡನೆಯದಕ್ಕೆ ಯಾವ ನೆಪವೂ ಇರಲಿಲ್ಲ. ಅದು ಬೆಲ್ಟಿಗೆ, ಬೆತ್ತಕ್ಕೆ, ಅವ್ವನಿಗೆ ಹೊಡೆದದ್ದಕ್ಕೆ. ಹೊಡೆಯುವಾಗ ನನಗೆ ಹಾಯೆನಿಸಿತು, ಅದನ್ನೂ ಬರೆದುಬಿಡುತ್ತೇನೆ. ಮೇಲಿನ ಚರ್ಮವಷ್ಟೇ ನನ್ನದು, ಒಳಗೆಲ್ಲ ಅಪ್ಪನೇ ತುಂಬಿಕೊಂಡಿದ್ದ. ಎರಡು ಕ್ಷಣ ಮಾತ್ರ ಆ ಹಾಯಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ.

ಅವನು ಗೋಡೆಗುಂಟ ಜಾರಿ ಕೂತ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ತುಟಿ ಒಡೆದಿತ್ತು, ಹಣೆಯ ವಿಭೂತಿಯ ಮೇಲೆ ನನ್ನ ಕೈಯ ಜೋಳದ ಹಿಟ್ಟು. ಉಸಿರು ಸಿಗದೆ ಎದೆ ಸೀಟಿ ಊದುತ್ತಿತ್ತು. ನಾನು ಇನ್ಹೇಲರ್ ಹಿಡಿದರೆ ತಳ್ಳಿದ. ಮಗಳು ಕೊಟ್ಟಾಗ ಎಳೆದುಕೊಂಡ. ಉಸಿರು ಬಂದ ಮೇಲೆ ನನ್ನನ್ನು ನೋಡದೆ ಹೇಳಿದ:

"ನೀ ಹೊಡದದ್ದು ಇರಲಿ. ನಾ ತಿಂದದ್ದೂ ಇರಲಿ. ದಿನಾ ಮುಂಜಾನೆ ಅವಗ ಉಣಿಸೇನಲ್ಲ, ಈ ಕೈಲೆ."

ಆಗ ನನಗೆ ಅರ್ಥವಾಯಿತು. ರೈಲಿನಲ್ಲಿ ನಿಂತು ಗೆದ್ದ ವಾದವೆಲ್ಲ ಅಪ್ಪನ ಹೊಟ್ಟೆಯ ಬಗ್ಗೆ. ಅವನು ಮೊದಲು ಉಣಿಸುವುದು ಯಾರಿಗೆ ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಆರನೇ ವಯಸ್ಸಿನಲ್ಲಿ ದೀಕ್ಷೆ ಪಡೆದು, ಎಪ್ಪತ್ತು ವರ್ಷ ಒಂದು ದಿನ ಬಿಡದೆ ಮಾಡಿದ್ದನ್ನು ನಾನು ಒಂದು ಹಾರ್ಲಿಕ್ಸ್ ಬಾಟಲಿಯಿಂದ ಕೆಡಿಸಿದ್ದೆ.

ಅಪ್ಪ ಕೊರಳಿನಿಂದ ಶಿವದಾರ ತೆಗೆದ. ಅದು ಅವನ ಕೊರಳಿನಿಂದ ಇಳಿದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮಗಳಿಂದ ಒಗೆದ ಬಿಳಿ ಬಟ್ಟೆ ತರಿಸಿ, ಕರಡಿಗೆಯನ್ನು ಸುತ್ತಿ ದೇವರ ಗೂಡಿನಲ್ಲಿ ಇಡಿಸಿದ. ಈ ಕೈ ಇನ್ನು ಅದನ್ನು ಮುಟ್ಟಬಾರದು ಎಂದ. ಮುಟ್ಟದಿದ್ದರೆ ಪೂಜೆಯಿಲ್ಲ, ಪೂಜೆಯಿಲ್ಲದಿದ್ದರೆ ಊಟವಿಲ್ಲ. ಸಿಟ್ಟಿನಿಂದ ಹಿಡಿದ ಹಟವಾಗಿದ್ದರೆ ಇಳಿಯುತ್ತಿತ್ತು. ಇದು ಹಟವಲ್ಲ, ಅವನಿಗೆ ಉಣ್ಣುವ ದಾರಿಯೇ ಮುಚ್ಚಿಹೋಗಿತ್ತು.

ಶನಿವಾರ ಉಣ್ಣಲಿಲ್ಲ. ನಲ್ಲಿಯ ನೀರು ಮಾತ್ರ, ತಾನೇ ಎದ್ದು ಹೋಗಿ ಹಿಡಿದುಕೊಂಡು. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವಂತಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ. ಭಾನುವಾರ ಮಧ್ಯಾಹ್ನ ಅವನ ತುಟಿ ನೀಲಿಯಾಗತೊಡಗಿತ್ತು. ಆಂಬುಲೆನ್ಸ್ ಕರೆಯುತ್ತೇನೆ ಎಂದೆ. "ಕರಿ, ಅಲ್ಲೂ ಉಣ್ಣಂಗಿಲ್ಲ" ಎಂದ. ನಾನು ಗಂಜಿ ಕಲಸಿ ತಂದು ಚಮಚವನ್ನು ಅವನ ಹಲ್ಲಿಗೆ ಒತ್ತಿದೆ. ಹಲ್ಲು ಬಿಚ್ಚಲಿಲ್ಲ. ಎಡಗೈಯಿಂದ ದವಡೆ ಹಿಡಿದು ಅಮುಕಿದೆ. ಗಂಜಿ ಗದ್ದದಿಂದ ಬನಿಯನ್ನಿಗೆ ಇಳಿಯಿತು. ಅವನು ಕಣ್ಣು ಮುಚ್ಚಿ ಕೂತಿದ್ದ, ಎದುರಾಡಲಿಲ್ಲ. ಮಗಳು ನನ್ನ ಕೈ ಎಳೆದು, "ಅಮ್ಮಾ, ಯು ಆರ್ ಹರ್ಟಿಂಗ್ ಹಿಮ್" ಎಂದು ಚೀರಿದಳು. ಚಮಚವನ್ನು ಎಸೆದು ಬಾತ್‌ರೂಮಿಗೆ ಹೋಗಿ ಕೂತೆ.

ಆ ಸಂಜೆ ಆಂಟಿ ಬಂದಳು. ನನ್ನ ಮಗಳು ಅವಳಿಗೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದ್ದಳು. ಅವಳ ಕೈಯಲ್ಲಿ ಹೊಸ ಡಬ್ಬಿ. ನೇರ ಅಡುಗೆಮನೆಗೆ ಹೋಗಿ, ಕಸವನ್ನು ನೆಲಮಹಡಿಗೆ ಬೀಳಿಸುವ ಚ್ಯೂಟಿನ ಬಾಗಿಲು ಎಳೆದು, ಕಟ್ಟು ಕಟ್ಟಾಗಿ ಆ ಹುಳಗಳನ್ನು ಒಳಗೆ ಸುರಿದಳು. ಅವು ಕೆಳಗೆ ಬೀಳುವ ಸದ್ದು ಕೂಡ ಕೇಳಲಿಲ್ಲ. ಆಮೇಲೆ ಅಪ್ಪನ ಎದುರು ನಿಂತು ತನ್ನ ಕೆನ್ನೆಗೆ ತಾನೇ ರಪರಪ ಬಾರಿಸಿಕೊಂಡಳು. "ಸಾರಿ ಅಂಕಲ್, ಸಾರಿ, ಐ ವೆರಿ ಸ್ಟುಪಿಡ್."

ಅಪ್ಪ ಎದ್ದು ನಿಂತು ಅವಳ ಮುಂಗೈ ಹಿಡಿದ. "ನೋ, ಸಿಸ್ಟರ್. ಯು ಗುಡ್. ಯು ನೋ ಮಿಸ್ಟೇಕ್." ಇಷ್ಟು ಹೇಳಲು ಮೂರು ಸಲ ನಿಂತ. ಗೊತ್ತಿಲ್ಲದೆ ಕೊಟ್ಟವಳಿಗೆ ಅವನಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಗೊತ್ತಿದ್ದು ಕೊಟ್ಟವಳು ಬಾಗಿಲಲ್ಲಿ ನಿಂತಿದ್ದಳು, ಅವಳ ಕಡೆ ತಿರುಗಲಿಲ್ಲ.

ಸೋಮವಾರ ರಜೆ ಹಾಕಿದೆ. ಬೆಳಿಗ್ಗೆ ನಮ್ಮೂರ ಮಠಕ್ಕೆ ವಿಡಿಯೋ ಕಾಲ್ ಮಾಡಿದೆ. ಮಠದ ಸ್ವಾಮಿಗಳಿಗೆ ನಮ್ಮ ಕಡೆ, ವಯಸ್ಸು ಎಷ್ಟೇ ಇರಲಿ, ಅಜ್ಜಾರು ಎನ್ನುತ್ತಾರೆ. ಈ ಅಜ್ಜಾರು ನನಗಿಂತ ಚಿಕ್ಕವರು, ಅಪ್ಪನ ಶಾಲೆಯಲ್ಲೇ ಓದಿದವರು, ಬಹುಶಃ ಅವನ ಬೆತ್ತದ ರುಚಿ ಕಂಡವರು. ಅಪ್ಪನಿಗೆ ಸ್ನಾನ ಮಾಡಿಸಿ ಎಂದರು. ಬೆನ್ನಿಗೆ ನೀರು ಹಾಕಲು ನನ್ನನ್ನು ಬಿಟ್ಟ, ಬೇರೆ ಯಾರೂ ಇರಲಿಲ್ಲವಲ್ಲ. ಮಣೆಯ ಮೇಲೆ ಕೂರಿಸಿ ಫೋನನ್ನು ಎದುರಿಗೆ ಒರಗಿಸಿಟ್ಟೆ. ಅಪ್ಪ ನಡೆದದ್ದನ್ನು ಹೇಳಿದ. ಹೊಡೆದಾಟವನ್ನು ಹೇಳಲಿಲ್ಲ. ಒಡೆದ ತುಟಿಯನ್ನು ಅವರು ನೋಡಿದರು, ಕೇಳಲಿಲ್ಲ.

ಅಜ್ಜಾರು ಎಲ್ಲ ಕೇಳಿಸಿಕೊಂಡು ಹೇಳಿದರು. "ಮಾಸ್ತರ್ರ, ಗೊತ್ತಿಲ್ಲದ ತಿಂದದ್ದು ನಿಮಗ ಹತ್ತಂಗಿಲ್ಲ. ಗೊತ್ತಿಲ್ಲದ ನೀಡಿದ್ದು ಲಿಂಗಕ್ಕೂ ಹತ್ತಂಗಿಲ್ಲ. ಭಸ್ಮಾ ಧರಿಸ್ರಿ. ಲಿಂಗಾ ಕೈಯಾಗ ತೊಗೋರಿ."

ಅಪ್ಪ ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದ. ಮಗಳು ಬಟ್ಟೆಯ ಗಂಟು ತಂದುಕೊಟ್ಟಳು. ಲಿಂಗ ಅವನ ಎಡ ಅಂಗೈಗೆ ಬಂತು. ಎರಡು ದಿನ ಬತ್ತಿದ್ದ ಮುಖಕ್ಕೆ ಜೀವ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಅಜ್ಜಾರು ಮಂತ್ರ ಹೇಳಿದರು, ಅಪ್ಪ ತಡೆತಡೆದು ಹೇಳಿದ. ಎಲ್ಲ ಮುಗಿಯಿತು ಎಂದುಕೊಂಡೆ.

ಅಜ್ಜಾರು ಕೈ ಎತ್ತಿ ತಡೆದರು. "ಇನ್ನೊಂದ ಮಾತು. ಗೊತ್ತಿದ್ದೂ ಕೊಟ್ಟವರು ಮನ್ಯಾಗ ಯಾರರ ಇದ್ದರ, ಇನ್ನ ಮ್ಯಾಲೆ ಅವರ ಕೈ ಅಡಗಿ ಲಿಂಗಕ್ಕ ಸಲ್ಲಂಗಿಲ್ಲ. ನೀವೂ ಉಣ್ಣುವಂಗಿಲ್ಲ. ಲಿಂಗಾ ಕೈಯಾಗ ಐತಿ, ಖರೇ ಹೇಳ್ರಿ. ಯಾರಿಗರ ಗೊತ್ತಿತ್ತೇನು?"

ಅಡುಗೆಮನೆಯಲ್ಲಿ ಅನ್ನ ಆಗಿತ್ತು, ಸಾರು ಕುದಿಯುತ್ತಿತ್ತು. ನಾನು ಫೋನಿನ ಎದುರು ಬರಲು ಹೆಜ್ಜೆ ಇಟ್ಟೆ. ಹೇಳಿಬಿಡುವವಳಿದ್ದೆ. ನನಗೆ ಗೊತ್ತಿತ್ತು, ಮಿಕ್ಸರ್‌ನಲ್ಲಿ ಹಾಕಿ ಪುಡಿ ಮಾಡಿದವಳು ನಾನೇ ಎಂದು ಹೇಳಿ, ಅವನಿಗೆ ಅಡುಗೆ ಮಾಡಲು ಬೇರೆ ಯಾರನ್ನಾದರೂ ಹುಡುಕೋಣ ಎಂದುಕೊಂಡಿದ್ದೆ. ಅಪ್ಪ ಬಲಗೈ ಎತ್ತಿದ. ಹೊಡೆಯುತ್ತಾನೆ ಎಂದು ನಿಂತೆ. ಕೈಯನ್ನು ನನ್ನ ಕಡೆ ಅಡ್ಡ ಹಿಡಿದು, ಅಂಗೈಯ ಲಿಂಗದಿಂದ ಕಣ್ಣು ತೆಗೆಯದೆ ಹೇಳಿದ:

"ಇಲ್ರಿ ಅಜ್ಜಾರ. ನನ್ನ ಮಗಳಿಗೂ ಗೊತ್ತಿರಲಿಲ್ಲ."

ಅಜ್ಜಾರು ಶರಣು ಎಂದು ಫೋನ್ ಇಟ್ಟರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಹೊಡೆತಕ್ಕೆ ಅಳಬಾರದೆಂದು ಆರನೇ ಕ್ಲಾಸಿನಲ್ಲೇ ಕಲಿತವಳು, ಅವತ್ತು ಬಿಕ್ಕಿ ಬಿಕ್ಕಿ ಅತ್ತೆ. ಲಿಂಗವನ್ನು ಕೈಯಲ್ಲಿ ಹಿಡಿದು ಗುರುವಿನ ಎದುರು ಸುಳ್ಳು ಹೇಳಿದ್ದ. ಹುಳ ತಿಂದದ್ದು ಗೊತ್ತಿಲ್ಲದೆ ಆದದ್ದು. ಇದನ್ನು ಗೊತ್ತಿದ್ದೇ ಮಾಡಿದ. ಇದಕ್ಕೆ ಯಾವ ಅಜ್ಜಾರ ಹತ್ತಿರವೂ ಪರಿಹಾರ ಕೇಳುವಂತಿಲ್ಲ.

"ಯಾಕ ಹಂಗ ಹೇಳಿದಿ ಅಪ್ಪಾ? ಯಾಕ ಹೇಳಿದಿ?"

ಅವನು ಲಿಂಗವನ್ನು ಕರಡಿಗೆಗೆ ಹಾಕಲಿಲ್ಲ. ಅಂಗೈಯಲ್ಲೇ ಹಿಡಿದುಕೊಂಡು, ಅದನ್ನೊಮ್ಮೆ ನೋಡಿ, ಅಡುಗೆಮನೆಯ ಕಡೆ ಗದ್ದ ತೋರಿಸಿದ.

"ನೀಡಿಕೊಂಡ ಬಾ. ಇಬ್ಬರಿಗೂ ಹಸಿವ್ಯಾಗೇತಿ."